ಪೈಲ್ವಾನನ ಕಿವಿಯ ಹಿಂದಿನ ಮುಳ್ಳು

ಬಹಳ ಬಹಳ ಹಿಂದೆ, ಸೂರ್ಯ ಕೂಡ ಏಳುವುದಕ್ಕೆ ಮೈಗಳ್ಳತನ ಮಾಡುತ್ತಿದ್ದ ಕಾಲದಲ್ಲಿ ಒಂದು ಊರಿತ್ತಂತೆ. ಆ ಊರಿನವರಿಗೆ ಬೆಳಿಗ್ಗೆ ಹಾಸಿಗೆ ಬಿಡುವುದೆಂದರೆ ಬೆಟ್ಟ ಹತ್ತಿದಷ್ಟು ಕಷ್ಟ. ಬಾವಿ ಅಂಗಳದಲ್ಲೇ ಇದ್ದರೂ ಬಾಯಾರಿ ಒಣಗುತ್ತಿದ್ದರು. ಸೌದೆ ಒಲೆಯ ಪಕ್ಕದಲ್ಲೇ ಇದ್ದರೂ ಹಸಿಹಿಟ್ಟು ತಿಂದು ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದರು. ಕಾಲು ಊದಿ, ಕಣ್ಣು ಹಳದಿಯಾಗಿ, ಊರಿಗೆ ಊರೇ ಮಲಗಿಬಿಟ್ಟಿತ್ತು. ಆಗ ಒಬ್ಬಳು ಜಾಣೆ ಹುಡುಗಿ ಕಾಡಿಗೆ ಹೋಗಿ ಹುಲಿಗಳನ್ನು ಹಿಡಿದು ತಂದು ಒಂದೊಂದು ಮನೆಯ ಹಿತ್ತಿಲಿಗೆ ಒಂದೊಂದನ್ನು ಕಟ್ಟಿದಳು. ಅಷ್ಟೇ ನೋಡಿ! ಜನ ಓಡಿ ನೀರು ಸೇದಿದರು, ಓಡಿ ಕಸ ಗುಡಿಸಿದರು, ಓಡೋಡಿ ಹಿಟ್ಟು ಬೇಯಿಸಿದರು. ಮೂರೇ ತಿಂಗಳಲ್ಲಿ ಊರು ಗಟ್ಟಿಮುಟ್ಟಾಯಿತು.

"ಆಮೇಲೆ?" ಎಂದು ಪುಟ್ಟ ಚೆಲುವಾಂಬ ಕೇಳುತ್ತಿದ್ದಳು.

"ಆಮೇಲೆ ಒಂದಿನ ಹುಲಿಗೆ ಹಸಿವಾಯ್ತು ಕಣವ್ವ," ಎನ್ನುತ್ತಿದ್ದಳು ಅಜ್ಜಿ.

ಅಷ್ಟು ಹೊತ್ತಿಗೆ ಮೊಮ್ಮಗಳಿಗೆ ನಿದ್ದೆ. ಕೊನೆಗೊಂದು ವರ್ಷ ಅಜ್ಜಿ ತೀರಿಹೋದಳು, ಕಥೆಯ ಕೊನೆ ಮಾತ್ರ ಚೆಲುವಾಂಬಳಿಗೆ ಸಿಗಲೇ ಇಲ್ಲ.

ಆ ಚೆಲುವಾಂಬ ದೊಡ್ಡವಳಾಗಿ ಮೈಸೂರಿನ ಉತ್ಸಾಹ ಕೇಂದ್ರದಲ್ಲಿ ತಂತ್ರಜ್ಞೆಯಾದಳು. ಅಲ್ಲಿ ತಯಾರಾಗುತ್ತಿದ್ದ ಸಾಧನಕ್ಕೆ ಉದ್ದನೆಯ ಹೆಸರೊಂದು ಇತ್ತು. ಜನ ಅದನ್ನು ಮುಳ್ಳು ಎಂದೇ ಕರೆಯುತ್ತಿದ್ದರು. ಜೀರಿಗೆ ಕಾಳಿನಷ್ಟು ಗಾತ್ರ. ಕಿವಿಯ ಹಿಂದೆ, ಎಲುಬಿನೊಳಗೆ ಕೂರಿಸಿದರೆ ಅದರಿಂದ ಹೊರಟ ಕೂದಲೆಳೆಯಂಥ ತಂತಿ ಮಿದುಳಿನ ತಳಕ್ಕೆ ಇಳಿಯುತ್ತಿತ್ತು. ಆರಂಭದ ಪ್ರಯೋಗಗಳಲ್ಲಿ ಮಿದುಳಿನ ಸಂತೋಷದ ಜಾಗವನ್ನು ಚುಚ್ಚಿ ನೋಡಿದ್ದರು. ಜನ ನಕ್ಕು ಮಗ್ಗುಲಾಗಿ ಮಲಗಿದ್ದರು. ಭಯದ ಜಾಗವನ್ನು ಚುಚ್ಚಿದಾಗ ಕಂಬಳಿಯನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡಿದ್ದರು. ಕೊನೆಗೆ ಸಿಟ್ಟಿನ ಜಾಗಕ್ಕೆ ಸಾಸಿವೆಯಷ್ಟು ವಿದ್ಯುತ್ತು ಹರಿಸಿದಾಗ ಎದ್ದು ನಿಂತು ಪಾತ್ರೆ ತೊಳೆದಿದ್ದರು.

ಯಾವ ಹೊತ್ತಿಗೆ ಯಾವ ಕೆಲಸ ಎಂಬುದನ್ನು ಕೇಂದ್ರದಲ್ಲೇ ಮುಳ್ಳಿಗೆ ಬರೆದಿಡುತ್ತಿದ್ದರು. ಕೆಲಸ ಮುಗಿದ ಮೇಲೆ ಮುಳ್ಳು ಸುಮ್ಮನಾಗಬೇಕಲ್ಲ? ಅದಕ್ಕಾಗಿ ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿ, "ನೀವು ಪೂರ್ತಿ ಮಾಡಿ ಮುಗಿಸಿದ ಒಂದು ಕೆಲಸವನ್ನು ನೆನೆಸಿಕೊಳ್ಳಿ" ಎನ್ನುತ್ತಿದ್ದರು. ಆಗ ಮಿದುಳಿನಲ್ಲಿ ಏಳುವ ಅಲೆಯೇ ಅವರವರ 'ಮುಗಿಯಿತು' ಅಲೆ. ಮುಂದೆ ಯಾವ ಕೆಲಸದಲ್ಲೇ ಆಗಲಿ, ಆ ಅಲೆ ಎದ್ದ ಕೂಡಲೆ ಮುಳ್ಳು ತಣ್ಣಗಾಗುತ್ತಿತ್ತು. ಯಾರೋ ಮಡಚಿಟ್ಟ ಸೀರೆಯನ್ನು ನೆನೆಯುತ್ತಿದ್ದರು, ಯಾರೋ ರಂಗೋಲಿಯ ಕೊನೆಯ ಎಳೆಯನ್ನು. ಎರಡು ವರ್ಷದಲ್ಲಿ ಅರ್ಧ ಊರಿನ ಕಿವಿಯ ಹಿಂದೆ ಮುಳ್ಳು ಕೂತಿತು. ಕೆರೆ ಏರಿಯ ಮೇಲೆ ಬೆಳಿಗ್ಗೆ ಐದೂವರೆಗೆ ನಡೆಯಲು ಜಾಗವಿರುತ್ತಿರಲಿಲ್ಲ. ಸಕ್ಕರೆ ಕಾಯಿಲೆಯ ಆಸ್ಪತ್ರೆಗಳಲ್ಲಿ ಬೆಂಚುಗಳು ಖಾಲಿಯಾದವು.

ಚೆಲುವಾಂಬಳ ಮನೆಯಲ್ಲಿ ಮಾತ್ರ ಒಬ್ಬರು ಮಲಗೇ ಇದ್ದರು.

ಅವಳ ಅಪ್ಪ ಪೈಲ್ವಾನ್ ನಿಂಗರಾಜು. ಮನೆಯ ಹಿಂದೆ ಅವರದೇ ಗರಡಿ. ಅಲ್ಲಿನ ಕುಸ್ತಿಯ ಅಂಕಣವನ್ನು ಮಟ್ಟಿ ಎನ್ನುತ್ತಿದ್ದರು: ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ದಿನಾ ಗುದ್ದಲಿಯಿಂದ ತಿರುವಿ ಹದಮಾಡಿದ ಮೆತ್ತನೆಯ ನೆಲ. ಆ ಗರಡಿಯದೇ ಒಂದು ಕ್ರಮವಿತ್ತು. ಮಣ್ಣು ತಿರುವಿದ ಮೇಲೆ ಚೆಲುವಾಂಬಳ ಅಮ್ಮ ಮಾದೇವಮ್ಮ ಅಡುಗೆಮನೆಯಿಂದ ಒಂದು ಹಸಿಮೊಟ್ಟೆ ತಂದು ಬಾಗಿಲಿಂದಲೇ ಕೊಡಬೇಕು. ನಿಂಗರಾಜು ಅದನ್ನು ಹೆಗಲಿನ ಎತ್ತರದಿಂದ ಮಟ್ಟಿಗೆ ಬೀಳಿಸಬೇಕು. ಒಡೆದರೆ ಮತ್ತೆ ಅಗೆತ. ಒಡೆಯದಿದ್ದರೆ ಕುಸ್ತಿ. ಒಡೆಯದೆ ಉಳಿದ ಮೊಟ್ಟೆ ಅವತ್ತು ಸೋತವನ ಪಾಲು. ಹೆಂಗಸರು ಮಾತ್ರ ಹೊಸ್ತಿಲು ದಾಟಿ ಒಳಗೆ ಬರುವಂತಿರಲಿಲ್ಲ.

ಮಾದೇವಮ್ಮ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುವ ಮುಂಚೆ ಗಂಡನ ಕೈ ಹಿಡಿದು, "ಮಟ್ಟಿ ಕಲ್ಲಾಗಕ್ ಬುಡಬ್ಯಾಡಿ. ತಿರುವ್ತೀನಿ ಅನ್ನಿ," ಎಂದಿದ್ದಳು. "ತಿರುವ್ತೀನಿ," ಎಂದಿದ್ದರು ನಿಂಗರಾಜು. ಮನೆಗೆ ಬಂದು ಮಲಗಿದವರು ಎರಡು ವರ್ಷವಾದರೂ ಗುದ್ದಲಿ ಮುಟ್ಟಲಿಲ್ಲ. ಸ್ನಾನ ನಾಳೆ. ಗಡ್ಡ ನಾಳೆ. ಮಣ್ಣು ನಾಳೆ. ಸಕ್ಕರೆ ಏರಿ ಎಡಗಾಲ ಹಿಮ್ಮಡಿಯಲ್ಲಿ ಹುಣ್ಣಾಯಿತು. ದಿನಾ ತೊಳೆದು ಬಟ್ಟೆ ಕಟ್ಟಬೇಕು, ಹಿತವಾಗಿ ಓಡಾಡಬೇಕು, ಹೊತ್ತಿಗೆ ಸರಿಯಾಗಿ ಉಣ್ಣಬೇಕು, ಇಲ್ಲದಿದ್ದರೆ ಮೊಣಕಾಲ ಕೆಳಗೆ ಕಾಲು ಉಳಿಯುವುದಿಲ್ಲ ಎಂದರು ಡಾಕ್ಟರು.

ಗರಡಿಯ ಜಗಲಿಯ ಮೇಲೆ ದಿನಾ ಬಂದು ಕೂರುತ್ತಿದ್ದವನು ನಿಂಗರಾಜುವಿನ ಹಳೆಯ ಕುಸ್ತಿ ಜೋಡಿ ಜವರಪ್ಪ ಒಬ್ಬನೇ. "ಏನ್ಲಾ ಪೈಲ್ವಾನ, ಎದ್ಯಾ? ಇಲ್ಲ ಸೊಳ್ಳೆ ಜೊತೆ ಕುಸ್ತಿ ಇನ್ನೂ ಮುಗ್ದಿಲ್ವಾ?" ಎಂದು ಕಿಟಕಿಯ ಕಡೆ ಕೂಗುತ್ತಿದ್ದ.

"ನಾಳೆ ಬಾರ್ಲಾ," ಎಂದು ಒಳಗಿನಿಂದ ಉತ್ತರ.

ಕೊನೆಗೆ ಚೆಲುವಾಂಬಳೇ ಅಪ್ಪನನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂರಿಸಿದಳು. "ಅಪ್ಪ, ನೀನು ಪೂರ್ತಿ ಮಾಡಿ ಮುಗಿಸಿದ್ದು ಏನಾದ್ರೂ ಒಂದು ನೆನೆಸ್ಕೊ."

ಅವರು ಕಣ್ಣು ಮುಚ್ಚಿದರು. ಪರದೆಯ ಮೇಲೆ ಎಂಥ ಅಲೆ ಎದ್ದಿತೆಂದರೆ, ಅಷ್ಟು ಎತ್ತರದ, ಅಷ್ಟು ಸ್ಪಷ್ಟವಾದ 'ಮುಗಿಯಿತು'ವನ್ನು ಅವಳು ಮೂರು ವರ್ಷದ ಕೆಲಸದಲ್ಲಿ ನೋಡಿರಲಿಲ್ಲ. ಅವಳಿಗೆ ಹೆಮ್ಮೆಯಾಯಿತು. ಏನು ನೆನೆಸಿಕೊಂಡೆ ಎಂದು ಕೇಳುವುದನ್ನೇ ಮರೆತಳು.

*

ಮುಳ್ಳು ಕೂತ ಮರುದಿನ ಬೆಳಿಗ್ಗೆ ನಿಂಗರಾಜು ಹಲ್ಲು ಕಚ್ಚಿಕೊಂಡು ಎದ್ದರು. ಹುಣ್ಣು ತೊಳೆದರು, ಬಟ್ಟೆ ಕಟ್ಟಿದರು, ಪಾತ್ರೆ ಬೆಳಗಿದರು, ಬೀದಿಯ ತುದಿಯವರೆಗೆ ನಡೆದು ಬಂದರು. ವಾರದಲ್ಲಿ ಸಕ್ಕರೆ ಇಳಿಯಿತು. ಚೆಲುವಾಂಬ ಬಚ್ಚಲಲ್ಲಿ ನಿಂತು ಅತ್ತುಬಿಟ್ಟಳು, ಸಂತೋಷಕ್ಕೆ.

ಎರಡನೆಯ ವಾರದಲ್ಲಿ ಪಾತ್ರೆಗಳು ನೆಗ್ಗತೊಡಗಿದವು. ತೊಳೆದಾದ ಮೇಲೂ ಅಪ್ಪ ಬಿಡುತ್ತಿರಲಿಲ್ಲ. ಉಜ್ಜುತ್ತಿದ್ದರು, ಉಜ್ಜುತ್ತಿದ್ದರು, ಕೊನೆಗೆ ಪಾತ್ರೆಯನ್ನು ಎತ್ತಿ ನೆಲಕ್ಕೆ ಬಡಿದು ಅಂಗಾತ ಒತ್ತಿ ಹಿಡಿದಾಗ ಮಾತ್ರ ಅವರ ಉಸಿರು ಇಳಿಯುತ್ತಿತ್ತು. ಪೊರಕೆ ಮೂರು ಮುರಿದವು. ಬಾಗಿಲಿಗೆ ಅಡ್ಡ ಮಲಗುತ್ತಿದ್ದ ಬೀದಿನಾಯಿಯನ್ನು ಒಂದು ದಿನ, ಕಸ ಗುಡಿಸುವಾಗ, ಕುತ್ತಿಗೆ ಹಿಡಿದು ಮಗುಚಿ ಚಪ್ಪಡಿ ಕಲ್ಲಿಗೆ ಅಪ್ಪಳಿಸಿದರು. ನಾಯಿ ಒಂದು ಸಲ ಕುಂಯ್ ಎಂದಿತು, ಅಷ್ಟೇ. ನಿಂಗರಾಜು ಅದರ ಪಕ್ಕ ಕುಕ್ಕರಗಾಲಲ್ಲಿ ಕೂತು ತಮ್ಮ ಕೈಗಳನ್ನೇ ನೋಡಿಕೊಂಡರು. "ಚೆಲುವಿ, ಇದ್ಯಾಕ್ ಹಿಂಗಾಯ್ತು?" ಎಂದರು. ಆ ದನಿ ಮಗುವಿನದರಂತಿತ್ತು.

ಅವಳು ಕೇಂದ್ರಕ್ಕೆ ಓಡಿ ಅಪ್ಪನ ಮುಳ್ಳು ಕಳಿಸಿದ್ದ ಅಲೆಗಳ ದಾಖಲೆ ತೆರೆದಳು. ಪಾತ್ರೆ ತೊಳೆದು ಮುಗಿದಾಗ ಅಲೆ ಇಲ್ಲ. ಗುಡಿಸಿ ಮುಗಿದಾಗ ಅಲೆ ಇಲ್ಲ. ಏನಾದರೊಂದು ಅಂಗಾತ ನೆಲಕ್ಕೆ ಬಿದ್ದಾಗ ಮಾತ್ರ ಆ ಎತ್ತರದ, ಸ್ಪಷ್ಟವಾದ ಅಲೆ. ಅವಳಿಗೆ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿದ್ದ ಅಪ್ಪನ ಮುಖ ನೆನಪಾಯಿತು. ನಲವತ್ತು ವರ್ಷ ಮಟ್ಟಿಯಲ್ಲಿ ಬೆಳೆದ ಮನುಷ್ಯ ಮುಗಿದದ್ದನ್ನು ನೆನೆಸಿಕೊ ಎಂದರೆ ಇನ್ನೇನು ನೆನೆಸಿಕೊಳ್ಳುತ್ತಾನೆ? ಎದುರಾಳಿಯ ಎರಡೂ ಹೆಗಲು ಮಣ್ಣಿಗೆ ತಾಗಿದ ಆ ಗಳಿಗೆ. ಚಿತ್!

ಅವಳು ಮುಖ್ಯಸ್ಥ ಡಾ. ಪ್ರಫುಲ್ಲಚಂದ್ರರ ಕೋಣೆಗೆ ಹೋದಳು. ಅವರ ಮೇಜಿನ ಮೇಲೆ ಬೇರೆ ದೂರುಗಳೂ ಇದ್ದವು. ಒಬ್ಬಳು ಪಾತ್ರೆ ತೊಳೆಯುವ ತೊಟ್ಟಿಗೆ ಅಡ್ಡ ನಿಂತ ಅತ್ತೆಯ ಮಣಿಕಟ್ಟನ್ನು ಲಟ್ಟಣಿಗೆಯಿಂದ ಪುಡಿ ಮಾಡಿದ್ದಳು. ಏರಿಯ ಮೇಲೆ ಒಬ್ಬ ಮುಂದೆ ನಿಧಾನವಾಗಿ ನಡೆಯುತ್ತಿದ್ದ ಮುದುಕನನ್ನು ಕೆಡವಿ ಬೆನ್ನ ಮೇಲೆ ಕಾಲಿಟ್ಟು ತನ್ನ ನಡಿಗೆ ಮುಂದುವರಿಸಿದ್ದ. ಕೇಂದ್ರದ ಭಾಷೆಯಲ್ಲಿ ಇವರೆಲ್ಲ 'ಅಡ್ಡ ಬಂದವರು'.

"ನೂರಕ್ಕೆ ಒಬ್ಬರಮ್ಮ," ಎಂದರು ಪ್ರಫುಲ್ಲಚಂದ್ರ. "ಉಳಿದ ತೊಂಬತ್ತೊಂಬತ್ತು ಜನ ಆರೋಗ್ಯವಾಗಿದಾರೆ, ಅದನ್ನ ನೋಡು. ನಿಮ್ಮಪ್ಪನದು ಅಳತೆ ತಪ್ಪಿದೆ ಅಷ್ಟೆ. ಕರಕೊಂಡು ಬಾ, ಇನ್ನೊಂದು ಸಲ ಕೂರಿಸೋಣ."

ಅವತ್ತೇ ಕರೆದುಕೊಂಡು ಬರಬಹುದಿತ್ತು. ಆದರೆ ಇನ್ನು ಎರಡೇ ದಿನಕ್ಕೆ ಅಮ್ಮನ ಎರಡನೆಯ ವರ್ಷದ ತಿಥಿ. ಆ ಬೆಳಿಗ್ಗೆ ಮಟ್ಟಿ ತಿರುವುವ ಕೆಲಸವನ್ನು ಅವಳೇ ಅಪ್ಪನ ಮುಳ್ಳಿಗೆ ಬರೆದಿದ್ದಳು. ಅಪ್ಪನ ಮಾತು ಉಳಿಯಲಿ, ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಳು. ಮನೆಗೆ ಬಂದು ಹುಣ್ಣಿನ ಬಟ್ಟೆ ಬಿಚ್ಚಿ ನೋಡಬೇಕು ಎಂದುಕೊಂಡಳು. ಅಪ್ಪನೇ ದಿನಾ ಕಟ್ಟಿಕೊಳ್ಳುತ್ತಾರಲ್ಲ, ನಾಳೆ ನೋಡೋಣ ಎಂದು ಮಲಗಿದಳು.

*

ತಿಥಿಯ ಬೆಳಿಗ್ಗೆ ಅವಳಿಗೆ ಕೇಂದ್ರದಲ್ಲಿ ಆರು ಗಂಟೆಯ ಪಾಳಿ. ಏಳರ ಹೊತ್ತಿಗೆ ಪರದೆಯ ಮೇಲೆ ಅಪ್ಪನ ಗೆರೆ ಕೆಂಪಾಯಿತು. ಕೆಳಗೆ ಒಂದೇ ಮಾತು: ಅಡ್ಡಿ. ಅದೇ ಗಳಿಗೆಗೆ ಫೋನು. ಜವರಪ್ಪನ ಹೆಂಡತಿ ಕಿರುಚುತ್ತಿದ್ದಳು: "ಬಾರವ್ವ ಬೇಗ! ನಿಮ್ಮಪ್ಪ ನಮ್ಮೆಜಮಾನ್ರನ್ನ ಕೊಲ್ತಾವ್ನೆ!"

"ಸರ್, ಮುಳ್ಳು ಆರಿಸಿ!" ಎಂದಳು ಚೆಲುವಾಂಬ.

ಪ್ರಫುಲ್ಲಚಂದ್ರ ಅವಳ ಕೈ ಹಿಡಿದರು. "ಇಷ್ಟು ಉಕ್ಕಿರೋವಾಗ ಆರಿಸಿದ್ರೆ ಹೃದಯ ನಿಂತುಹೋಗುತ್ತೆ. ಪ್ರಯೋಗದಲ್ಲಿ ನಾಲ್ಕು ಕೋತಿ ಸತ್ತಿವೆ. 'ಮುಗಿಯಿತು' ತಾನಾಗೇ ಬರಬೇಕು."

"ಇದನ್ನ ಜನಕ್ಕೆ ಹೇಳಿದ್ರಾ?"

"ನೀನು ಕೇಳಿದ್ಯಾ?"

ಅವಳು ಕೈ ಕೊಸರಿಕೊಂಡು ಓಡಿದಳು. ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿ. ದಾರಿಯುದ್ದಕ್ಕೂ ಒಂದೇ ಲೆಕ್ಕ ಅವಳ ತಲೆಯಲ್ಲಿ: ಯಾರಾದರೊಬ್ಬರು ಚಿತ್ ಆದರೆ ಸಾಕು, ನಿಲ್ಲುತ್ತದೆ.

ನಡೆದದ್ದು ಇಷ್ಟು. ಗುದ್ದಲಿ ಹಿಡಿದು ಗರಡಿಗೆ ಬಂದ ನಿಂಗರಾಜುವಿನ ಹಿಂದೆ ಅಂಗಳದುದ್ದಕ್ಕೂ ರಕ್ತದ ಹೆಜ್ಜೆಗಳಿದ್ದವು. ಸಿಟ್ಟಿನಲ್ಲಿರುವವನಿಗೆ ನೋವು ತಿಳಿಯುವುದಿಲ್ಲ. ಎರಡನೆಯ ವಾರದಿಂದಲೇ ಅವರು ಹುಣ್ಣನ್ನು ತೊಳೆಯುತ್ತಿರಲಿಲ್ಲ, ಬ್ರಷ್ಷಿನಿಂದ ತಿಕ್ಕುತ್ತಿದ್ದರು, ಆ ಕಾಲಿನಲ್ಲೇ ನೆಲ ಒದ್ದು ನಡೆಯುತ್ತಿದ್ದರು. ಬಟ್ಟೆಯ ಹೊರಗೆ ಇಣುಕಿದ ಬೆರಳುಗಳು ಕಪ್ಪಾಗಿದ್ದವು. ಜವರಪ್ಪ ಅದನ್ನು ನೋಡಿ ಬಾಗಿಲಿಗೆ ಎರಡೂ ಕೈ ಅಗಲಿಸಿ ನಿಂತಿದ್ದ. "ಕಾಲ್ ನೋಡ್ಕೊಳ್ಲಾ ನಿಂಗ. ಆಸ್ಪತ್ರೆಗ್ ಹೋಗನ ನಡಿ. ಮಣ್ಣೆಲ್ಗೂ ಓಡೋಗಕಿಲ್ಲ." ಗುದ್ದಲಿಯ ಹಿಡಿ ಮೊದಲು ಅವನ ಬಾಯಿಗೆ ಬಿದ್ದಿತ್ತು.

ಚೆಲುವಾಂಬ ಬಂದಾಗ ಜವರಪ್ಪ ಮಟ್ಟಿಯ ನಡುವೆ ಬೋರಲಾಗಿ ಬಿದ್ದಿದ್ದ. ಬಲಗೈ ಮೊಣಕೈ ಇಲ್ಲದ ಕಡೆ ಮಡಚಿಕೊಂಡಿತ್ತು. ಬಾಯಿಂದ ಸುರಿದ ರಕ್ತದಲ್ಲಿ ಎರಡು ಹಲ್ಲು. ನಿಂಗರಾಜು ಅವನ ಬೆನ್ನ ಮೇಲೆ ಕೂತು ಮುರಿದ ಕೈಯನ್ನೇ ಹಿಡಿದು ಮಗುಚಲು ತಿರುಚುತ್ತಿದ್ದರು, ಮಗುಚದಿದ್ದಾಗ ಎದ್ದು ಪಕ್ಕೆಗೆ ಒದೆಯುತ್ತಿದ್ದರು. ಪ್ರತಿ ಒದೆತಕ್ಕೂ ಒಳಗೆ ಏನೋ ಒಣಕಡ್ಡಿಯಂತೆ ಲಟಕ್ಕೆನ್ನುತ್ತಿತ್ತು. ಜವರಪ್ಪ ಎಡಗೈ ಉಗುರುಗಳನ್ನು ನೆಲಕ್ಕೆ ಊರಿ, ಎದೆಯನ್ನು ನೆಲಕ್ಕೆ ಅಂಟಿಸಿ, ಜಿಗಣೆಯಂತೆ ಕಚ್ಚಿಕೊಂಡಿದ್ದ.

"ಮಾವ! ತಿರುಗಿ! ಚಿತ್ ಆಗಿಬಿಡಿ, ಬಿಟ್ಬಿಡ್ತಾರೆ!"

ಜವರಪ್ಪ ರಕ್ತ ಉಗಿದ. "ನಲವತ್ತೊರ್ಸ… ಇವ್ನ ಕೈಲಿ ಚಿತ್ ಆಗಿಲ್ಲ… ಈಗ ಆಯ್ತೀನಾ?"

"ಸಾಯ್ತೀರ ಮಾವ!"

"ಸಾಯ್ತೀನಿ. ಬೋರಲಾಗೇ ಸಾಯ್ತೀನಿ."

ಹಟವೆನ್ನುವಂತೆಯೂ ಇರಲಿಲ್ಲ. ತಿರುಗಬೇಕೆಂದರೂ ಆ ಮೈಗೆ ತಿರುಗಲು ಬರುತ್ತಿರಲಿಲ್ಲ. ಹೆಗಲು ನೆಲಕ್ಕೆ ತಾಗಬಾರದೆಂಬುದು ಎಲುಬಿನೊಳಗೇ ಕೂತಿತ್ತು. ಇಬ್ಬರಲ್ಲಿ ಒಬ್ಬ ಬಿಡುವುದಿಲ್ಲ, ಒಬ್ಬ ತಿರುಗುವುದಿಲ್ಲ. ನಿಂಗರಾಜು ಗುದ್ದಲಿಯನ್ನು ಮತ್ತೆ ಕೈಗೆತ್ತಿಕೊಂಡರು.

ಚೆಲುವಾಂಬ ಹೊಸ್ತಿಲು ದಾಟಿದಳು.

ಅಜ್ಜಿಯ ಮಡಿಲಲ್ಲಿ ಕೂತು ಇದೇ ಹೊಸ್ತಿಲಿನಾಚೆಯಿಂದ ಅವಳು ಸಾವಿರ ಕುಸ್ತಿ ನೋಡಿದ್ದಳು. ಎದುರಾಳಿಯನ್ನು ಕುಸ್ತಿಗೆ ಹೇಗೆ ಕರೆಯಬೇಕೆಂದು ಗೊತ್ತಿತ್ತು. ಬಗ್ಗಿ ಹಿಡಿ ಮಣ್ಣು ಎತ್ತಿ ಹೆಗಲಿಗೆ ಹಚ್ಚಿಕೊಳ್ಳಬೇಕು. ಬಗ್ಗಿದಳು, ಮಣ್ಣು ಬರಲಿಲ್ಲ. ಎರಡು ವರ್ಷ ತಿರುವದ ಮಟ್ಟಿ ಅರೆಯುವ ಕಲ್ಲಿನಂತಾಗಿತ್ತು. ಉಗುರಿನಿಂದ ಕೆರೆದಳು. ಬಂದಷ್ಟು ಧೂಳನ್ನು ಎರಡೂ ಹೆಗಲಿಗೆ ಸವರಿಕೊಂಡು, ತೊಡೆ ತಟ್ಟಿದಳು.

ನಿಂಗರಾಜುವಿನ ತಲೆ ಮೇಲೆದ್ದಿತು. ಕೈಯಿಂದ ಗುದ್ದಲಿ ತಾನಾಗಿ ಜಾರಿತು. ತೊಡೆ ತಟ್ಟಿದವರ ಮುಂದೆ ಆಯುಧ ಹಿಡಿಯುವ ಪದ್ಧತಿ ಆ ಗರಡಿಯಲ್ಲಿ ಇರಲಿಲ್ಲ. ಅವರ ಕಣ್ಣಿನಲ್ಲಿ ಮಗಳು ಇರಲಿಲ್ಲ. ಎರಡು ಹೆಗಲುಗಳು ಇದ್ದವು, ಅಷ್ಟೇ.

"ಬಾರಪ್ಪ," ಎಂದಳು.

ಬಂದರು. ಕುತ್ತಿಗೆಯ ಹಿಂದೆ ಬಿದ್ದ ಕೈಯ ಭಾರಕ್ಕೆ ಅವಳ ಹಲ್ಲು ನಾಲಿಗೆಯನ್ನು ಕಚ್ಚಿತು. ಒಂದು ಗುದ್ದು ಕಿವಿಗೆ ಬಿದ್ದು ಲೋಕವೆಲ್ಲ ಸಿಳ್ಳೆ ಹೊಡೆಯಿತು. ಸೊಂಟಕ್ಕೆ ಕೈ ಹಾಕಿ ಎತ್ತಿದಾಗ ಹಂಚಿನ ಸಂದಿಯ ಬೆಳಕು ಒಮ್ಮೆ ಕಂಡಿತು. ಆಮೇಲೆ ನೆಲ. ಬಲಹೆಗಲು ಮೊದಲು ತಾಗಿತು. ಹಸಿ ಕಬ್ಬು ಮುರಿದಂಥ ಸದ್ದು ಅವಳದೇ ಮೈಯಿಂದ ಬಂತು.

ಮಗ್ಗುಲಾಗಿ ಬಿದ್ದಿದ್ದಳು. ಒಂದೇ ಹೆಗಲು. ಸಾಲದು. ಅಪ್ಪನ ಮುಷ್ಟಿ ಮೇಲೇರಿತು, ಮುಖದ ನೇರಕ್ಕೆ. ಎಡಹೆಗಲನ್ನು ಹಿಂದಕ್ಕೆ ಒಯ್ಯಬೇಕೆಂದರೆ ಮುರಿದ ಬಲಹೆಗಲಿನ ಮೇಲೆ ಪೂರ್ತಿ ಭಾರ ಹಾಕಿ ಹೊರಳಬೇಕು. ಅವಳು ಅಮ್ಮಾ ಎಂದು ಅರಚಿ ಹೊರಳಿದಳು. ಒಳಗಿನ ಎಲುಬು ಚರ್ಮವನ್ನು ಸೀಳಿ ಹೊರಬಂದದ್ದು ಬಿಸಿಯಾಗಿ ಗೊತ್ತಾಯಿತು. ಎಡಹೆಗಲು ಕಲ್ಲಿನಂಥ ಮಣ್ಣಿಗೆ ತಾಗಿತು.

ಮುಷ್ಟಿ ಅವಳ ಮೂಗಿನ ಮುಂದೆ ಒಂದು ಗೇಣು ದೂರದಲ್ಲಿ ನಿಂತಿತು.

ನಿಂಗರಾಜುವಿನ ಉಸಿರು ನಿಧಾನವಾಗಿ ಇಳಿಯಿತು. ಕಣ್ಣಿನೊಳಗೆ ಮನುಷ್ಯ ಮರಳಿ ಬಂದ. ಮಗಳನ್ನು ನೋಡಿದರು, ಮಗಳ ಹೆಗಲಿನಿಂದ ಎದ್ದು ನಿಂತ ಬಿಳಿ ಎಲುಬನ್ನು ನೋಡಿದರು, ಅಂಗೈಯನ್ನು ನೆಲದ ಮೇಲಿಟ್ಟು ಸವರಿದರು.

"ಚೆಲುವಿ," ಎಂದರು. "ನೆಲ ಕಲ್ಲಾಗೋಗದಲ್ಲವ್ವ."

*

ಆಸ್ಪತ್ರೆಯಲ್ಲಿ ಮೂವರೂ ಒಂದೇ ಮಹಡಿಯಲ್ಲಿದ್ದರು. ಜವರಪ್ಪನಿಗೆ ನಾಲ್ಕು ಪಕ್ಕೆಲುಬು, ಒಂದು ಕೈ. ಚೆಲುವಾಂಬಳ ಹೆಗಲಿಗೆ ಉಕ್ಕಿನ ಪಟ್ಟಿ. ನಿಂಗರಾಜುವಿನ ಕಿವಿಯ ಹಿಂದಿನಿಂದ ಮುಳ್ಳು ತೆಗೆದರು, ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದರು. ಯಾವ ಕಾಲು ಉಳಿಯಲೆಂದು ಮುಳ್ಳು ಇಡಿಸಿದ್ದಳೋ ಆ ಕಾಲು.

ಪೊಲೀಸರು ಬಂದು ಕೇಳಿದಾಗ ಜವರಪ್ಪ, "ಇಬ್ರು ಪೈಲ್ವಾನ್ರು ಗರಡೀಲಿ ಕುಸ್ತಿ ಆಡಿದ್ರು. ನಾನ್ ಸೋಲ್ನಿಲ್ಲ, ಬರ್ಕೊಳಿ," ಎಂದ. ಚೆಲುವಾಂಬ ಮಾತ್ರ ವಿಚಾರಣೆಯಲ್ಲಿ ಕುಳಿತು ನಾಲ್ಕು ಕೋತಿಗಳ ವಿಷಯವನ್ನೂ, ತಾನು ಮುಂದೂಡಿದ ಎರಡು ದಿನಗಳ ವಿಷಯವನ್ನೂ ಬಿಡದೆ ಹೇಳಿದಳು. ಕೇಂದ್ರಕ್ಕೆ ಬೀಗ ಬಿತ್ತು. ಮುಳ್ಳುಗಳನ್ನು ಒಂದೊಂದಾಗಿ ತಣಿಸಿ ತೆಗೆದರು. ಊರಿನ ತೊಟ್ಟಿಗಳಲ್ಲಿ ಪಾತ್ರೆ ಮತ್ತೆ ಗುಡ್ಡೆ ಬಿದ್ದವು. ಏರಿಯ ಮೇಲೆ ಬೆಳಿಗ್ಗೆ ಕೊಕ್ಕರೆಗಳಷ್ಟೇ ನಡೆದವು.

"ಅಪ್ಪ, ಹಸಿದ ಹುಲಿ ಯಾರನ್ನ ತಿಂತು?" ಎಂದು ಒಂದು ಮಧ್ಯಾಹ್ನ ಅವಳು ಕೇಳಿದಳು.

"ನಮ್ಮವ್ವಂಗೂ ಗೊತ್ತಿರ್ನಿಲ್ಲ ಕಣವ್ವ. ನೀನ್ ಅಷ್ಟೊತ್ಗೆ ಮಲಗ್ತಿದ್ದೆ ಅಂತ ಬದುಕ್ಕಂಡ್ಲು."

ಮನೆಗೆ ಬಂದ ಮೇಲೆ ನಿಂಗರಾಜು ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಚೆಲುವಾಂಬ ಏಳು ಎನ್ನಲಿಲ್ಲ.

ಇಪ್ಪತ್ತೆರಡನೆಯ ಬೆಳಿಗ್ಗೆ ದೊಪ್ಪೆಂದು ಸದ್ದಾಯಿತು. ಅವಳು ಓಡಿ ಬಂದು ನೋಡಿದರೆ ಅಪ್ಪ ಮಂಚದಿಂದ ನೆಲಕ್ಕೆ ಇಳಿದು ಕೂತಿದ್ದರು. ಅಂಡಿನ ಮೇಲೆಯೇ ತೆವಳುತ್ತ ಅಂಗಳ ದಾಟಿದರು. ನಡುನಡುವೆ ನಿಂತು ಸುಧಾರಿಸಿಕೊಂಡರು. ಗರಡಿಯ ಹೊಸ್ತಿಲು ದಾಟಲು ಬಹಳ ಹೊತ್ತೇ ಹಿಡಿಯಿತು. ಗಿಡ ಅಗೆಯುವ ಮೋಟು ಗುದ್ದಲಿಯಿಂದ ಮಟ್ಟಿಯ ಮೂಲೆಗೆ ಹೊಡೆದರು. ಒಂದು ಚೂರು ಎದ್ದಿತು, ಬೆಲ್ಲದಚ್ಚಿನಷ್ಟು. ಅಂಗೈ ಅಗಲದಷ್ಟು ಅಗೆಯುವ ಹೊತ್ತಿಗೆ ಬಿಸಿಲು ಏರಿತ್ತು.

"ಎದ್ದೇಳೋಕೆ ಮನಸ್ಸು ಬಂತಾ ಅಪ್ಪ?" ಎಂದಳು ಹೊಸ್ತಿಲಲ್ಲಿ ನಿಂತು.

"ಎಲ್ ಬಂತು? ಬರ್ಲಿ ಬರ್ಲಿ ಅಂತ ಕಾಯ್ಕಂಡಿದ್ದೆ. ಬರ್ನಿಲ್ಲ. ಬರ್ದಿದ್ರೆ ಕತ್ತೆ ಬಾಲ ಅಂತ ಹಂಗೇ ಇಳ್ದೆ."

ಮರುದಿನ ಇನ್ನೊಂದು ಅಂಗೈ. ಅದರ ಮರುದಿನ ಕೆಳಗಿಳಿಯಲಿಲ್ಲ, ಮಲಗಿಯೇ ಇದ್ದರು. ಆಮೇಲಿನ ದಿನ ಎರಡು ಅಂಗೈ. ಜವರಪ್ಪ ಕೈಗೆ ಕಟ್ಟು ಹಾಕಿಸಿಕೊಂಡು ಜಗಲಿಗೆ ಮರಳಿ ಬಂದ. "ಇಲಿ ಇದಕ್ಕಿಂತ ಚೆಂದಾಗ್ ತೋಡ್ತದೆ ಕಣ್ಲಾ," ಎಂದ. ಹಲ್ಲು ಹೋಗಿದ್ದರಿಂದ ಮಾತು ಗಾಳಿಯೊಂದಿಗೆ ಬರುತ್ತಿತ್ತು.

"ಬಾಯ್ ಮುಚ್ಕಂಡು ಮಜ್ಜಿಗೆ ಹುಯ್ಯಿ ಬಾ," ಎಂದರು ನಿಂಗರಾಜು. ಜವರಪ್ಪ ಎಡಗೈಯಲ್ಲಿ ಹುಯ್ದ. ಅವತ್ತು ಇಬ್ಬರೂ ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಎಣ್ಣೆ ಬಿತ್ತು, ಅರಿಶಿನ ಬಿತ್ತು, ನಿಂಬೆಯ ಹುಳಿವಾಸನೆ ಮನೆಯವರೆಗೂ ಬಂತು. ಊಟ ಹೊತ್ತಿಗೆ ಸರಿಯಾಗಿ ಸೇರತೊಡಗಿತು, ಉಳಿದ ಕಾಲಿನ ಪಾದವನ್ನು ಸಂಜೆ ಅವರೇ ಬಿಸಿನೀರಿನಲ್ಲಿ ಮೆಲ್ಲಗೆ ತೊಳೆದುಕೊಳ್ಳುತ್ತಿದ್ದರು, ಉಗುರಿನ ಸಂದಿಯ ಕೆಮ್ಮಣ್ಣು ಬಿಡುವವರೆಗೆ.

ಐವತ್ತೋ ಐವತ್ತೊಂದನೆಯದೋ ಬೆಳಿಗ್ಗೆ ನಿಂಗರಾಜು ಮೂಲೆಯ ಕೊನೆಯ ಹೆಂಟೆಯನ್ನು ಒಡೆದು ಕೈಯಿಂದ ಪುಡಿಮಾಡಿ ಹರಡಿದರು. ಗುದ್ದಲಿಯನ್ನು ಪಕ್ಕಕ್ಕಿಟ್ಟು, ಮನೆಯ ಕಡೆ ನೋಡಿ ಗಂಟಲು ಸರಿಮಾಡಿಕೊಂಡರು.

ಚೆಲುವಾಂಬ ಅಡುಗೆಮನೆಯಿಂದ ಮೊಟ್ಟೆ ತಂದಳು. ಅಭ್ಯಾಸಬಲದಿಂದ ಹೊಸ್ತಿಲಲ್ಲೇ ನಿಂತಳು.

"ನಾನ್ ನಿಂತ್ಕಳಕ್ ಆಯ್ತದಾ? ಒಳಗ್ ಬಾ. ನೀನೇ ಬುಡು," ಎಂದರು ಅಪ್ಪ.

ಒಳಗೆ ಹೋದಳು. ಕಾಲು ಮಣ್ಣಿನಲ್ಲಿ ಹಿಮ್ಮಡಿ ಮುಳುಗುವಷ್ಟು ಇಳಿಯಿತು. ಬಲಗೈ ಇನ್ನೂ ಮೇಲೇಳುತ್ತಿರಲಿಲ್ಲ. ಎಡಗೈಯಲ್ಲಿ ಮೊಟ್ಟೆಯನ್ನು ಹೆಗಲಿನ ಎತ್ತರಕ್ಕೆ ಹಿಡಿದು, ಕಣ್ಣು ಮುಚ್ಚಿ, ಬಿಟ್ಟಳು.

ಸದ್ದೇ ಆಗಲಿಲ್ಲ. ಕಣ್ಣು ತೆರೆದಾಗ ಮೊಟ್ಟೆ ಕೆಮ್ಮಣ್ಣಿನಲ್ಲಿ ಅರ್ಧ ಹೂತು ಬಿಳಿಯಾಗಿ ಕೂತಿತ್ತು, ಒಂದು ಬಿರುಕೂ ಇಲ್ಲದೆ.

ನಿಂಗರಾಜು ಕೈ ಚಾಚಿ ಅದನ್ನು ಎತ್ತಿಕೊಂಡರು, ಪಂಚೆಯ ಅಂಚಿನಿಂದ ಮಣ್ಣು ಒರೆಸಿದರು.

"ಸೋತೋರ್ ಪಾಲು," ಎಂದು ಜಗಲಿಯಿಂದ ಜವರಪ್ಪ ಕೂಗಿದ. "ನಂಗ್ ಕೊಡಂಗಿಲ್ಲ, ನಾನ್ ಸೋತಿಲ್ಲ."

ನಿಂಗರಾಜು ಮೊಟ್ಟೆಯನ್ನು ಮಗಳ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ಮುಚ್ಚಿದರು.